ಶಾಸನಗಳ ನಾಡಿನಲ್ಲಿ ಮರಿಗೆ ಮತ್ತು ಮದ್ದಳೆ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಇತಿಹಾಸ ಬರೆಯಲು ಹೊರಟವರಿಗೆ ಕಲ್ಲಿನ ಕೊರತೆ ಇಲ್ಲ. ತಾಳಗುಂದದ ಸ್ತಂಭಶಾಸನ ಕದಂಬ ಶಾಂತಿವರ್ಮನ ಕಾಲದ್ದು. ಐದನೆಯ ಶತಮಾನದ ಆ ಕಂಬ ಇಂದಿಗೂ ನಿಂತಿದೆ. ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆನೆಂದು ಕುಬ್ಜನೆಂಬ ಕವಿ ಅದರಲ್ಲಿ ಹೇಳಿಕೊಂಡಿದ್ದಾನೆ. ಬಳ್ಳಿಗಾವಿ, ಬಂದಳಿಕೆ, ಕುಬಟೂರು, ಉದ್ರಿ, ಚಂದ್ರಗುತ್ತಿ, ಹೀಗೆ ಎತ್ತ ಹೋದರೂ ಒಂದು ದೇವಾಲಯ, ಒಂದು ಶಾಸನ, ಇಲ್ಲವೆ ಊರ ಹೊರಗೆ ಒರಗಿ ನಿಂತ ಒಂದು ವೀರಗಲ್ಲು. ಬಿ. ಎಲ್. ರೈಸ್ ಅವರು ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆಯ ಏಳನೆಯ ಸಂಪುಟದಲ್ಲಿ (1902) ಶಿಕಾರಿಪುರದ ಶಾಸನಗಳಿವೆ, ಎಂಟನೆಯದರಲ್ಲಿ (1904) ಸೊರಬದವು. ಸೊರಬ ತಾಲ್ಲೂಕೊಂದರದೇ 500ಕ್ಕೂ ಹೆಚ್ಚು.

ಈ ಕಲ್ಲುಗಳು ದಾನ ಕೊಟ್ಟವನ ಹೆಸರು ಹೇಳುತ್ತವೆ, ದಾನ ಪಡೆದವನ ಹೆಸರು ಹೇಳುತ್ತವೆ, ಗದ್ದೆಯ ಎಲ್ಲೆ ಹೇಳುತ್ತವೆ. ಆದರೆ ಆ ಗದ್ದೆಯ ಅಕ್ಕಿ ಬೆಂದ ಮೇಲೆ ಅನ್ನ ಬಡಿಸಿದ ಹುಟ್ಟು ಎಲ್ಲಿ? ಗದ್ದೆಗೆ ನಡೆದುಹೋದವನ ಮೆಟ್ಟು ಎಲ್ಲಿ? ಅವು ಮಣ್ಣಾಗಿವೆ. ಮರ ಮತ್ತು ತೊಗಲು ಕಲ್ಲಿನಂತೆ ತಾವಾಗಿಯೇ ಉಳಿಯುವ ವಸ್ತುಗಳಲ್ಲ. ಯಾರಾದರೂ ದಿನವೂ ಒರೆಸಿ, ಎಣ್ಣೆ ಸವರಿ, ನೆರಳಲ್ಲಿಟ್ಟು ಕಾಯ್ದರೆ ಮಾತ್ರ ಉಳಿಯುತ್ತವೆ. ಆದ್ದರಿಂದ ಅವುಗಳ ಇತಿಹಾಸವೆಂದರೆ ಬಹುಮಟ್ಟಿಗೆ ಅವನ್ನು ಕಾಯ್ದವರ ಇತಿಹಾಸ. ಆ ಕಾಯ್ದವರಲ್ಲಿ ಒಬ್ಬರ ಹೆಸರನ್ನೂ ಯಾರೂ ಕಲ್ಲಿನ ಮೇಲೆ ಕೊರೆಯಿಸಲಿಲ್ಲ.

ಬಳ್ಳಿಗಾವಿಯ ಕೋಡಿಮಠವನ್ನೇ ನೋಡಿ. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನವೊಂದು ಈ ಮಠವನ್ನು ಬಣ್ಣಿಸುತ್ತದೆ. ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತು, ರೋಗಿಗಳಿಗೆ ಔಷಧ ಸಿಗುತ್ತಿತ್ತು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ನಾನಾ ಪಂಥದ ಸನ್ಯಾಸಿಗಳು, ಎಲ್ಲರಿಗೂ ಅನ್ನ ಸಿಗುತ್ತಿತ್ತು. ಪಠ್ಯಪುಸ್ತಕಗಳು ಇದನ್ನು ವಿದ್ಯಾಕೇಂದ್ರವೆಂದು ಹೇಳಿ ಮುಂದಕ್ಕೆ ಹೋಗುತ್ತವೆ. ನನಗನಿಸುವಂತೆ ಇದನ್ನು ಒಂದು ದೊಡ್ಡ ಅಡುಗೆಮನೆಯೆಂದೂ ಓದಬೇಕು. ಅಷ್ಟು ಜನರಿಗೆ ದಿನವೂ ಅನ್ನವಿಕ್ಕಬೇಕಾದರೆ ಭತ್ತ ಕುಟ್ಟುವ ಒನಕೆಗಳೆಷ್ಟು ಬೇಕು! ಅಕ್ಕಿ ತೊಳೆಯಲು, ಅನ್ನ ಹರವಲು, ಮಜ್ಜಿಗೆ ಕಡೆಯಲು ಏನೆಲ್ಲ ಬೇಕು! ಶಾಸನ ಆ ಪಟ್ಟಿಯನ್ನು ಕೊಡುವುದಿಲ್ಲ. ಅದನ್ನು ನಾವು ಇತ್ತೀಚಿನವರೆಗೂ ಇದೇ ಸೀಮೆಯ ಮನೆಗಳಲ್ಲಿ ಬಳಕೆಯಲ್ಲಿದ್ದ ಸಾಮಾನುಗಳಿಂದ ಊಹಿಸಿಕೊಳ್ಳಬೇಕು.

ಅವು ಯಾವುವೆಂದರೆ, ಒನಕೆ, ಕಡಗೋಲು, ಲಟ್ಟಣಿಗೆ, ಮಣೆ, ಶ್ಯಾವಿಗೆ ಒತ್ತುವ ಒರಳು, ಅನ್ನದ ಹುಟ್ಟು, ತೆಂಗಿನ ಚಿಪ್ಪಿಗೆ ಮರದ ಹಿಡಿ ಹಾಕಿದ ಸೌಟು, ಮತ್ತು ಮರಿಗೆ. ಮರಿಗೆ ಎಂದರೆ ಇಡೀ ಮರದ ತುಂಡನ್ನು ತೋಡಿ ಮಾಡಿದ ಅಗಲವಾದ ಪಾತ್ರೆ. ಕಲ್ಲಿನ ಮರಿಗೆಯೂ ಉಂಟು, ಆದರೆ ಉಪ್ಪಿಗೆ, ಹಿಟ್ಟಿಗೆ ಮರದ್ದೇ ಒಳ್ಳೆಯದು. ಉಪ್ಪು ಮಳೆಗಾಲದಲ್ಲಿ ನೀರೊಡೆಯುತ್ತದೆ, ಲೋಹದ ಪಾತ್ರೆಯನ್ನು ತಿನ್ನುತ್ತದೆ. ಮರವಾದರೆ ಆ ತೇವವನ್ನು ತಾನೇ ಹೀರಿಕೊಂಡು ಒಣ ಹವೆಯಲ್ಲಿ ಬಿಟ್ಟುಕೊಡುತ್ತದೆ. ಈ ಹೀರುವ ಗುಣವೇ ಮರದ ಉಪಕಾರ, ಅದೇ ಅದರ ಅಪಾಯವೂ ಹೌದು.

ಏಕೆಂದು ಸ್ವಲ್ಪ ವಿವರವಾಗಿ ನೋಡೋಣ. ಮರ ನೀರು ಕುಡಿದಾಗ ಅಡ್ಡಲಾಗಿ ಉಬ್ಬುತ್ತದೆ, ಒಣಗಿದಾಗ ಅಡ್ಡಲಾಗಿಯೇ ಕುಗ್ಗುತ್ತದೆ. ಉದ್ದದಲ್ಲಿ ಆಗುವ ಬದಲಾವಣೆ ಲೆಕ್ಕಕ್ಕೆ ಬರುವಷ್ಟಿಲ್ಲ. ಅಡ್ಡಲಾಗಿಯೂ ಎಲ್ಲ ದಿಕ್ಕಿಗೆ ಒಂದೇ ಸಮನಲ್ಲ. ಮರದ ವರ್ಷದ ಉಂಗುರಗಳ ಸುತ್ತಿನಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡರಷ್ಟಿರುತ್ತದೆ. ಇನ್ನು, ಕೊಯ್ದ ತುದಿಗಳಿಂದ ನೀರು ಬೇಗ ಹೋಗುತ್ತದೆ, ಮಧ್ಯದಿಂದ ನಿಧಾನ. ಹೀಗಾಗಿ ತೊಳೆದ ಮರಿಗೆಯನ್ನು ಬಿಸಿಲಿಗೆ ಬೋರಲು ಹಾಕಿದರೆ ಅಂಚಿನಿಂದ ಸೀಳು ಬಿಡುತ್ತದೆ. ಹಿರಿಯ ಹೆಂಗಸರು 'ಮರದ್ದನ್ನು ಬಿಸಿಲಿಗೆ ಹಾಕಬೇಡ, ಗಾಳಿಗೆ ಇಡು' ಎನ್ನುತ್ತಿದ್ದುದು ಬರಿಯ ಜಾಗರೂಕತೆಯ ಮಾತಲ್ಲ, ಲೆಕ್ಕಾಚಾರದ ಮಾತು.

ಈ ಎರಡು ತಾಲ್ಲೂಕುಗಳ ಹವೆಯೂ ಈ ಲೆಕ್ಕದಲ್ಲಿ ಸೇರಿದೆ. ದಂಡಾವತಿ ಹರಿಯುವ ಸೊರಬದ ಕಡೆ ಮಲೆನಾಡಿನ ಮಳೆ. ಕುಮುದ್ವತಿ ಹರಿಯುವ ಶಿಕಾರಿಪುರದ ಪೂರ್ವಕ್ಕೆ ಹೋದಂತೆ ಬಯಲುಸೀಮೆಯ ಒಣ ಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂಷ್ಟು ಹಿಡಿಯುವ ಭಯ, ಮಾರ್ಚ್ ಬಂತೆಂದರೆ ಬಿರುಕಿನ ಭಯ. ಒಂದೇ ಮರಿಗೆ ಒಂದೇ ವರ್ಷದಲ್ಲಿ ಎರಡು ವಿರುದ್ಧ ಪರೀಕ್ಷೆಗಳನ್ನು ಎದುರಿಸಬೇಕು.

ಇದಕ್ಕೆ ಜನ ಕಂಡುಕೊಂಡ ಉಪಾಯ ಮರದ ಆಯ್ಕೆಯಿಂದಲೇ ಆರಂಭವಾಗುತ್ತದೆ. ಮರಿಗೆಗೆ ಹಲಸು ಒಳ್ಳೆಯದು. ಕಡಿಯುವಾಗ ಹಳದಿಯಾಗಿರುವ ಅದರ ಚೇಗು ವರ್ಷಗಳು ಕಳೆದಂತೆ ಕಂದಾಗುತ್ತದೆ, ಹುಳುವಿಗೆ ಸುಲಭವಾಗಿ ಬಗ್ಗುವುದಿಲ್ಲ. ಹೊರಗಿನ ಬಿಳಿ ಭಾಗವನ್ನು ಆದಷ್ಟು ತೆಗೆದುಬಿಡಬೇಕು. ಅದರಲ್ಲಿ ಪಿಷ್ಟವಿರುತ್ತದೆ, ಹಿಟ್ಟಿನಂತೆ ಪುಡಿ ಉದುರಿಸುವ ಹುಳು ಬರುವುದು ಅದಕ್ಕಾಗಿಯೇ. ಹೊಸ ಸೌಟನ್ನು ನಾಲ್ಕಾರು ಬಾರಿ ನೀರು ಬದಲಿಸಿ ನೆನೆಸಿ, ಒಗರು ಬಿಡಿಸಿ, ನೆರಳಲ್ಲಿ ಒಣಗಿಸಿ ಬಳಕೆಗೆ ತರಬೇಕು. ಬೂದಿಯೂ ಹುಣಿಸೆಹಣ್ಣೂ ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ. ಮರಕ್ಕೆ ತೆಂಗಿನ ನಾರು, ಬೆಚ್ಚಗಿನ ನೀರು, ಜಿಡ್ಡು ಹೆಚ್ಚಿದ್ದರೆ ಸ್ವಲ್ಪ ಸೀಗೆಪುಡಿ ಸಾಕು. ನೀರಲ್ಲಿ ಮುಳುಗಿಸಿ ರಾತ್ರಿಯಿಡೀ ಬಿಡಬಾರದು.

ಎಣ್ಣೆಯ ವಿಷಯದಲ್ಲಿ ಒಂದು ಮಾತು. ಎಲ್ಲ ಎಣ್ಣೆಗಳೂ ಒಂದೇ ಅಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ಕೆಲವು ದಿನಗಳಲ್ಲಿ ಗಟ್ಟಿಯಾಗುತ್ತದೆ, ಮರದ ಮೇಲೆ ತೆಳುವಾದ ಪೊರೆಯಾಗಿ ನಿಲ್ಲುತ್ತದೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ ಹಾಗೆ ಒಣಗುವುದಿಲ್ಲ. ಅವು ಮರದೊಳಗೆ ಇಳಿದು ಜಿಡ್ಡಾಗಿಯೇ ಉಳಿಯುತ್ತವೆ, ಆದ್ದರಿಂದ ಆಗಾಗ ಹೊಸದಾಗಿ ಸವರಬೇಕಾಗುತ್ತದೆ. ಹೆಚ್ಚಾಗಿ ಸವರಿದರೆ ಕಮಟು ವಾಸನೆ ಬರುತ್ತದೆ. ಬಟ್ಟೆಗೆ ಎರಡು ತೊಟ್ಟು ಹಾಕಿ ತಿಕ್ಕಿ, ಮರುದಿನ ಒಣಬಟ್ಟೆಯಿಂದ ಒರೆಸಿಬಿಡುವುದು ಸರಿಯಾದ ಕ್ರಮ.

ಹೇಳದೆಯೇ ನಡೆಯುತ್ತಿದ್ದ ಇನ್ನೊಂದು ರಕ್ಷಣೆ ಇತ್ತು. ಅದು ಒಲೆಯ ಹೊಗೆ. ಮಲೆನಾಡಿನ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಬೀಜದ ತೆನೆಯಿಂದ ಹಿಡಿದು ಬಿಡುವಿನ ಮರಿಗೆ, ಕಡಗೋಲುಗಳವರೆಗೆ ಎಲ್ಲವೂ ಇರುತ್ತಿದ್ದವು. ಕೆಳಗಿನ ಶಾಖ ಮಳೆಗಾಲದ ತೇವವನ್ನು ದೂರವಿಡುತ್ತಿತ್ತು, ಹೊಗೆಯ ಅಂಟು ಹುಳುವಿಗೆ ಹಿಡಿಸುತ್ತಿರಲಿಲ್ಲ. ಅಡುಗೆ ಅನಿಲ ಬಂದ ಮೇಲೆ ಹೆಂಗಸರ ಕಣ್ಣಿಗೂ ಪುಪ್ಪುಸಕ್ಕೂ ಆದ ಉಪಕಾರ ದೊಡ್ಡದು, ಅದನ್ನು ಯಾರೂ ಅಲ್ಲಗಳೆಯಬಾರದು. ಆದರೆ ಅದೇ ಹೊತ್ತಿಗೆ ಅಟ್ಟದ ಸಾಮಾನುಗಳು ತಮ್ಮ ಕಾವಲುಗಾರನನ್ನು ಕಳೆದುಕೊಂಡವು. ನೂರು ವರ್ಷ ಬಾಳಿದ ಮರಿಗೆ ಹೊಗೆಯಿಲ್ಲದ ಅಟ್ಟದಲ್ಲಿ ಹತ್ತು ಮಳೆಗಾಲದಲ್ಲಿ ಹುಳು ಬಿದ್ದು ಟೊಳ್ಳಾಗಬಲ್ಲದು. ಸ್ಟೀಲ್ ಮತ್ತು ಪ್ಲಾಸ್ಟಿಕ್ ಪಾತ್ರೆಗಳು ಬಂದು ಮರದ್ದು ಮೂಲೆಗೆ ಸೇರಿತು ಎಂದು ನಾವು ಹೇಳುತ್ತೇವೆ. ಮೂಲೆಗೆ ಸೇರಿದ್ದು ಅಲ್ಲೇ ಉಳಿಯದೆ ನಾಶವಾಗಿದ್ದಕ್ಕೆ ಕಾರಣ ಬೇರೆಯೇ ಇದೆ.

ಸೊರಬ, ಸಾಗರಗಳ ಮರದ ಕೆಲಸವೆಂದರೆ ಹೊರಗಿನವರಿಗೆ ನೆನಪಾಗುವುದು ಗುಡಿಗಾರರ ಗಂಧದ ಕೆತ್ತನೆ. ರೈಸ್ ಅವರ ಮೈಸೂರು ಗೆಜೆಟಿಯರ್ ಕೂಡ ಇವರನ್ನು ಹೊಗಳಿದೆ. ಗಂಧದ ಪೆಟ್ಟಿಗೆಗೆ ಎಣ್ಣೆಯ ಉಪಚಾರ ಬೇಡ, ಅದರ ಚೇಗಿನಲ್ಲೇ ಎಣ್ಣೆ ಇದೆ. ಬಣ್ಣ, ವಾರ್ನಿಷ್ ಬಳಿದರೆ ಪರಿಮಳ ಒಳಗೇ ಸಿಕ್ಕಿಬೀಳುತ್ತದೆ. ಮೃದುವಾದ ಕುಂಚದಿಂದ ಧೂಳು ತೆಗೆದರೆ ಆಯಿತು. ಈ ಕೆತ್ತನೆ ಅರಮನೆಗಳಿಗೂ ವಸ್ತುಪ್ರದರ್ಶನಗಳಿಗೂ ಹೋಯಿತು, ದಾಖಲೆಗೂ ಸೇರಿತು. ಮರಿಗೆ ತೋಡಿದ ಬಡಗಿಗೆ ಆ ಭಾಗ್ಯ ಬರಲಿಲ್ಲ.

ಮರದಿಂದ ತೊಗಲಿಗೆ ಬರಲು ಬಳ್ಳಿಗಾವಿಯಲ್ಲೇ ಒಂದು ಒಳ್ಳೆಯ ದಾರಿ ಇದೆ. ಅಲ್ಲಮಪ್ರಭು ಇಲ್ಲಿಯವನು. ಹರಿಹರನ ಪ್ರಭುದೇವರ ರಗಳೆಯಲ್ಲಿಯೂ ಚಾಮರಸನ ಪ್ರಭುಲಿಂಗಲೀಲೆಯಲ್ಲಿಯೂ ಆತ ಮದ್ದಳೆ ನುಡಿಸುವವನು. ಎರಡು ಕಾವ್ಯಗಳ ಕಥೆ ಬೇರೆ ಬೇರೆ, ಮದ್ದಳೆ ಮಾತ್ರ ಎರಡರಲ್ಲೂ ಉಂಟು. ಮದ್ದಳೆ ಎಂದರೇನು? ಮರಿಗೆಯಂತೆಯೇ ತೋಡಿದ ಮರ, ಬಹುವೇಳೆ ಅದೇ ಹಲಸು, ಎರಡೂ ಬಾಯಿಗೆ ಬಿಗಿದ ತೊಗಲು. ಅಡುಗೆಮನೆಯ ಮರಕ್ಕೂ ರಂಗಮಂಟಪದ ಮರಕ್ಕೂ ಮೂಲ ಒಂದೇ. ಶಿವಮೊಗ್ಗ ಜಿಲ್ಲೆಯ ಡೊಳ್ಳು ಕುಣಿತವನ್ನು ನೀವು ನೋಡಿರುತ್ತೀರಿ. ಬೀರಲಿಂಗನ ಆರಾಧನೆಯೊಡನೆ ಬೆಳೆದ ಆ ಕಲೆಯ ಡೊಳ್ಳೂ ಮರ ಮತ್ತು ತೊಗಲುಗಳ ಸಂಸಾರವೇ.

ಇಲ್ಲಿ ವಿದ್ಯಾರ್ಥಿಗಳು ಒಂದು ವ್ಯತ್ಯಾಸವನ್ನು ಸ್ಪಷ್ಟವಾಗಿ ತಿಳಿದುಕೊಳ್ಳಬೇಕು. ವಾದ್ಯದ ತೊಗಲು ಹಸಿ ತೊಗಲು. ಕೂದಲು ತೆಗೆದು, ಹೆರೆದು, ಎಳೆದು ಒಣಗಿಸಿದ್ದು ಅಷ್ಟೆ. ಮೆಟ್ಟಿನ ತೊಗಲು ಹದ ಮಾಡಿದ್ದು. ಹದ ಮಾಡುವುದೆಂದರೆ ತಂಗಡಿ ತೊಗಟೆ, ಅಳಲೆಕಾಯಿ ಮುಂತಾದವುಗಳ ಒಗರು ರಸದಲ್ಲಿ ತೊಗಲನ್ನು ದಿನಗಟ್ಟಲೆ ಊರಿಸುವುದು. ಆ ಒಗರು ತೊಗಲಿನ ನಾರುಗಳೊಡನೆ ಗಟ್ಟಿಯಾಗಿ ಬೆಸೆದುಕೊಳ್ಳುತ್ತದೆ. ಆಮೇಲೆ ಅದು ಸುಲಭವಾಗಿ ಕೊಳೆಯುವುದಿಲ್ಲ. ಹಸಿ ತೊಗಲು ತೇವ ಕಂಡ ಕೂಡಲೇ ಸಡಿಲವಾಗುತ್ತದೆ. ಅದಕ್ಕೇ ಶ್ರಾವಣದ ಮಳೆಯಲ್ಲಿ ಡೊಳ್ಳಿನ ದನಿ ಕುಗ್ಗುತ್ತದೆ. ಕಲಾವಿದರು ಅದನ್ನು ಬೆಂಕಿಯ ಶಾಖಕ್ಕೆ ಹಿಡಿದು, ಹಗ್ಗ ಬಿಗಿದು, ಮತ್ತೆ ದನಿಗೆ ತರುತ್ತಾರೆ. ಆದರೆ ಶಾಖಕ್ಕೂ ಮಿತಿ ಉಂಟು. ನೀರು ಕುಡಿದ ಹಸಿ ತೊಗಲು ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮುದುಡಿಬಿಡುತ್ತದೆ, ಮತ್ತೆ ಹಿಂದಿನ ಸ್ಥಿತಿಗೆ ಬರುವುದಿಲ್ಲ. ಎಷ್ಟು ದೂರ ಹಿಡಿಯಬೇಕೆಂದು ಕೈಯೇ ಹೇಳಬೇಕು. ಡೊಳ್ಳಿಗೆ ಎಣ್ಣೆ ಸವರಿದರೆ ತೊಗಲು ಮೆತ್ತಗಾಗಿ ದನಿ ಸಾಯುತ್ತದೆ. ಮೆಟ್ಟಿಗೆ ಎಣ್ಣೆ ಸವರದಿದ್ದರೆ ಅದು ಒಣಗಿ ಸೀಳುತ್ತದೆ. ಒಂದಕ್ಕೆ ಅಮೃತವಾದದ್ದು ಇನ್ನೊಂದಕ್ಕೆ ವಿಷ.

ಹದ ಎಂಬ ಮಾತನ್ನೇ ಗಮನಿಸಿ. ಅನ್ನಕ್ಕೂ ಹದ, ಬಿತ್ತನೆಯ ಮಣ್ಣಿಗೂ ಹದ, ಕತ್ತಿಯ ಬಾಯಿಗೂ ಹದ, ತೊಗಲಿಗೂ ಹದ. ಅಡುಗೆಯವಳು, ರೈತ, ಕಮ್ಮಾರ, ಸಮಗಾರ ನಾಲ್ವರೂ ಒಂದೇ ಮಾತಾಡುತ್ತಾರೆ. ಆದರೆ ನಾಲ್ವರಿಗೂ ಊರಿನಲ್ಲಿ ಒಂದೇ ಸ್ಥಾನ ಸಿಗಲಿಲ್ಲ.

ಈ ಸೀಮೆಯ ಬೇಸಾಯಕ್ಕೆ ತೊಗಲಿಲ್ಲದೆ ನಡೆಯುತ್ತಿರಲಿಲ್ಲ. ನೊಗ ಕಟ್ಟುವ ಮಿಣಿ, ಬಾರುಕೋಲು, ಎತ್ತಿನ ಕೊರಳ ಗೆಜ್ಜೆಪಟ್ಟಿ, ಕಾಡುದಾರಿಗೆ ದಪ್ಪ ಅಟ್ಟೆಯ ಮೆಟ್ಟು, ಇವೆಲ್ಲ ಸಮಗಾರ ಮಾದಿಗರ ಕೈಯಿಂದ ಬರಬೇಕು. ಬಯಲಿನ ಕಡೆ ಬಾವಿಯಿಂದ ನೀರೆತ್ತುವ ಕಪಿಲೆಗೆ ಚರ್ಮದ ದೊಡ್ಡ ಬಾನಿ ಬೇಕು. ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಕಣದಿಂದ ಕಾಳು ಅಳೆದುಕೊಟ್ಟು ಇಡೀ ವರ್ಷದ ದುರಸ್ತಿ ಮಾಡಿಸಿಕೊಳ್ಳುವ ಆಯದ ಪದ್ಧತಿ ಇತ್ತು. ತೊಗಲಿನ ಆರೈಕೆ ಎಂದರೆ ಮನೆಯವರು ಹರಳೆಣ್ಣೆಯನ್ನೋ ಹೊಂಗೆ ಎಣ್ಣೆಯನ್ನೋ ಸವರಿಕೊಂಡದ್ದು ಮಾತ್ರವಲ್ಲ. ಬಾರು ಕಿತ್ತಾಗ, ಹೊಲಿಗೆ ಬಿಟ್ಟಾಗ, ಅಟ್ಟೆ ಸವೆದಾಗ ಸರಿಮಾಡಿಕೊಟ್ಟವನು ಸಮಗಾರ. ಅವನು ಮಾಡಿದ ಮೆಟ್ಟು ಮನೆಯ ಜಗಲಿಯವರೆಗೆ ಬರುತ್ತಿತ್ತು, ಅವನು ಬರುವಂತಿರಲಿಲ್ಲ. ಅದೇ ತೊಗಲು ಮದ್ದಳೆಯಾಗಿ ದೇವರ ಮುಂದೆ ನಿಲ್ಲುತ್ತಿತ್ತು, ಅದನ್ನು ಸುಲಿದು ಹೆರೆದವನು ಹೊರಗೆ ನಿಲ್ಲಬೇಕಾಗಿತ್ತು. ಇದನ್ನು ಸಂಪ್ರದಾಯವೆಂದು ಕರೆದು ಸುಮ್ಮನಾಗುವುದು ಇತಿಹಾಸ ಓದುವವರಿಗೆ ಒಪ್ಪುವುದಿಲ್ಲ.

ಈ ಪ್ರಶ್ನೆಯನ್ನು ಹನ್ನೆರಡನೆಯ ಶತಮಾನದಲ್ಲೇ ಎತ್ತಿದವರು ಶರಣರು. ಮಾದಾರ ಚೆನ್ನಯ್ಯ, ಮಾದಾರ ಧೂಳಯ್ಯ, ಸಮಗಾರ ಹರಳಯ್ಯ ಇವರೆಲ್ಲ ಆ ಸಮೂಹದ ಹಿರಿಯರು. ಹರಳಯ್ಯ ದಂಪತಿಗಳು ಬಸವಣ್ಣನವರಿಗೆ ಪಾದರಕ್ಷೆ ಮಾಡಿಕೊಟ್ಟ ಕಥೆ ನಿಮಗೆ ಗೊತ್ತು. ಅವರ ಮಗನಿಗೆ ಮಧುವರಸನ ಮಗಳನ್ನು ತಂದುಕೊಂಡಿದ್ದಕ್ಕೆ ಇಬ್ಬರು ತಂದೆಯರಿಗೂ ಬಿಜ್ಜಳ ಮರಣದಂಡನೆ ವಿಧಿಸಿದನೆಂದು ಶರಣ ಪರಂಪರೆ ಹೇಳುತ್ತದೆ. ಕೋಡಿಮಠದ 1162ರ ಶಾಸನದ ಕಾಲವೂ ಅದೇ ಬಿಜ್ಜಳನದು. ಕುರುಡರಿಗೂ ಕುಂಟರಿಗೂ ಅನ್ನವಿಟ್ಟ ಮಠದ ಕೀರ್ತಿಯನ್ನು ಕಲ್ಲು ಹೇಳಿತು. ಚಪ್ಪಲಿ ಹೊಲಿದವನ ಕಥೆಯನ್ನು ಜನರ ಬಾಯಿ ಹೇಳಿತು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದಾಗ ಮಾತ್ರ ಆ ಕಾಲ ಅರ್ಥವಾಗುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ತೊಗಲಿನ ಹದವೇ ಬದಲಾಯಿತು. ಕ್ರೋಮಿಯಂ ಲವಣಗಳಿಂದ ಹದ ಮಾಡುವ ವಿಧಾನವನ್ನು ಮದ್ರಾಸಿನಲ್ಲಿ ಪ್ರಯೋಗಿಸಿದವರು ಆಲ್‌ಫ್ರೆಡ್ ಚಾಟರ್ಟನ್. ಮುಂದೆ 1910ರ ದಶಕದಲ್ಲಿ ಇವರೇ ಮೈಸೂರು ಸಂಸ್ಥಾನದ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾದರು. ಅವರ ಕಣ್ಣಿದ್ದದ್ದು ಬೂಟುಗಳ ಮೇಲೆ ಮಾತ್ರವಲ್ಲ, ರೈತನ ಬಾವಿಯ ಚರ್ಮದ ಬಾನಿಯ ಮೇಲೂ. ಸದಾ ನೀರಲ್ಲಿರುವ ಬಾನಿಗೆ ಕ್ರೋಮ್ ತೊಗಲು ಹೆಚ್ಚು ತಾಳುತ್ತದೆ. ಅದು ಕುದಿಯುವ ನೀರಿನ ಶಾಖವನ್ನೂ ತಡೆದುಕೊಳ್ಳಬಲ್ಲದು. ಆದರೆ ವಾರಗಟ್ಟಲೆ ತೊಟ್ಟಿಯಲ್ಲಿ ಊರಿಸುತ್ತಿದ್ದ ಹಳ್ಳಿಯ ಕೆಲಸ ಕಾರ್ಖಾನೆಗೆ ಹೋಯಿತು. ಕೆಲವು ದಶಕಗಳಲ್ಲಿ ಪಂಪುಸೆಟ್ ಬಂದು ಕಪಿಲೆಯೇ ಹೋಯಿತು. ಇಂದು ನಿಮ್ಮ ಶಾಲೆಯ ಬೂಟಿಗೆ ಹಚ್ಚುವ ಪಾಲಿಶ್ ಬಹುಮಟ್ಟಿಗೆ ಮೇಲಿನ ಹೊಳಪಿಗೆ. ಹಳೆಯ ಮೆಟ್ಟಿಗೆ ಸವರುತ್ತಿದ್ದ ಹರಳೆಣ್ಣೆ ಒಳಗಿನ ನಾರುಗಳು ಒಂದರ ಮೇಲೊಂದು ಜಾರಲೆಂದು. ಮಳೆಯಲ್ಲಿ ನೆನೆದ ಬೂಟನ್ನು ಒಲೆಯ ಬಳಿ ಇಡಬಾರದು ಎಂಬುದು ಮಾತ್ರ ಹಳೆಯದಕ್ಕೂ ಹೊಸದಕ್ಕೂ ಒಂದೇ. ಒಳಗೆ ಹಳೆಯ ಕಾಗದ ತುರುಕಿ ನೆರಳಲ್ಲಿಡಿ.

ಈಗ ನಿಮ್ಮ ಮನೆಯ ಅಥವಾ ಅಜ್ಜಿಮನೆಯ ಅಟ್ಟದ ವಿಷಯ. ಅಲ್ಲಿ ಒಂದು ಮರಿಗೆ, ಒಂದು ಹಳೆಯ ಬಾರುಕೋಲು, ಹರಿದ ಮದ್ದಳೆ ಸಿಕ್ಕಿದರೆ ಏನು ಮಾಡಬೇಕು? ಉತ್ಸಾಹದಲ್ಲಿ ಸೋಪಿನ ಪುಡಿ ಹಾಕಿ ಉಜ್ಜಿ ಹೊಳೆಯಿಸಬೇಡಿ. ಬಳಕೆಯಲ್ಲಿರುವ ವಸ್ತುವಿಗೆ ಎಣ್ಣೆ, ತೊಳೆತ ಬೇಕು. ಬಳಕೆಯಿಂದ ಹೊರಬಿದ್ದು ಇತಿಹಾಸವಾದ ವಸ್ತುವನ್ನು ಆದಷ್ಟು ಮುಟ್ಟದಿರುವುದೇ ಆರೈಕೆ. ಮರಿಗೆಯ ಒಳಗಿನ ಕಪ್ಪು ಕಲೆ, ಅಂಚಿನ ಸುಟ್ಟ ಗುರುತು, ಕಾಳು ಅಳೆಯಲು ಕೊರೆದ ಗೀಟು, ಬಿರುಕಿಗೆ ತಗಡು ಹೊಡೆದು ಮಾಡಿದ ದುರಸ್ತಿ, ಇವೇ ಅದರ ಶಾಸನಾಕ್ಷರಗಳು. ಉಜ್ಜಿದರೆ ಅಳಿಸಿಹೋಗುತ್ತವೆ. ಹಳೆಯ ತೊಗಲಿನಿಂದ ಕೈಗೆ ಕೆಂಪು ಪುಡಿ ಅಂಟುತ್ತಿದ್ದರೆ ಅದರ ನಾರು ಒಳಗೇ ಹಾಳಾಗಿದೆ ಎಂದರ್ಥ. ಆಗ ಎಣ್ಣೆಯಿಂದ ಪ್ರಯೋಜನವಿಲ್ಲ, ಕಪ್ಪಾಗಿ ಧೂಳು ಅಂಟುತ್ತದೆ ಅಷ್ಟೆ. ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ನೆಲಕ್ಕೂ ಹೊರಗೋಡೆಗೂ ತಾಗದಂತೆ, ಗಾಳಿಯಾಡುವ ಕಡೆ ಇಡಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ತೇವ ನಿಂತು ಬೂಷ್ಟು ಬರುತ್ತದೆ. ಮರದ ಬಳಿ ಹೊಸದಾಗಿ ನುಣ್ಣನೆಯ ಹಿಟ್ಟು ಬಿದ್ದಿದ್ದರೆ ಹುಳು ಜೀವಂತವಾಗಿದೆ. ಅದನ್ನು ಉಳಿದವುಗಳಿಂದ ಮೊದಲು ಬೇರೆ ಮಾಡಿ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಜಾನಪದ ವಸ್ತುಸಂಗ್ರಹಾಲಯವನ್ನೂ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವನ್ನೂ ಅವಕಾಶವಾದಾಗ ನೋಡಿ ಬನ್ನಿ. ಅರಸರ ಕತ್ತಿಗಳಿಗೆ ಸಿಗುವ ಗೌರವ ಇಲ್ಲಿ ಕಡಗೋಲಿಗೂ ಕೊಳಗಕ್ಕೂ ಸಿಕ್ಕಿದೆ. ಆದರೆ ಎಲ್ಲ ಊರಿನ ಎಲ್ಲ ಮರಿಗೆಗಳೂ ಅಲ್ಲಿಗೆ ಹೋಗಲಾರವು. ಊರಿನಲ್ಲೇ ಉಳಿದದ್ದಕ್ಕೆ ಒಂದು ಪುಸ್ತಕದಲ್ಲಿ ಒಂದೊಂದು ಪುಟ ಬಿಡಿ: ಯಾವ ಮರ, ಎಷ್ಟು ಅಗಲ, ಯಾವುದಕ್ಕೆ ಬಳಸುತ್ತಿದ್ದರು, ಮನೆಮಾತಿನಲ್ಲಿ ಅದರ ಹೆಸರೇನು. ಕೊನೆಯಲ್ಲಿ ಇನ್ನೂ ಎರಡು ಸಾಲು, ಅದನ್ನು ಮಾಡಿದವರು ಯಾವ ಕೇರಿಯವರು, ಅದನ್ನು ಇಷ್ಟು ಕಾಲ ಒರೆಸಿ ಇಟ್ಟವರು ಯಾರು. ಇದನ್ನು ಹೇಳಬಲ್ಲ ಹಿರಿಯರು ಇನ್ನೂ ಇರುವಾಗಲೇ ಕೇಳಿ ಬರೆದುಕೊಳ್ಳಿ.